ಆತಕೂರಿನ ಕಲ್ಲಿನಿಂದ ಹುಂಡಿ ದಾರಿಯವರೆಗೆ

(ಹಳೆಯ ವಿದ್ಯಾರ್ಥಿ, ಬಿ.ಇ.; 2004ನೇ ಸಾಲಿನ ಎಸ್ಸೆಸ್ಸೆಲ್ಸಿ ತಂಡ)

2024ರ ಡಿಸೆಂಬರ್ 31ರ ನಸುಕಿನಲ್ಲಿ ಮೈಸೂರಿನ ಹೆಬ್ಬಾಳದಲ್ಲಿರುವ ಇನ್ಫೋಸಿಸ್ ಆವರಣದ ಸಿಸಿಟಿವಿಯಲ್ಲಿ ಒಂದು ಚಿರತೆ ಕಾಣಿಸಿಕೊಂಡಿತು. ನೌಕರರಿಗೆ ಮನೆಯಿಂದಲೇ ಕೆಲಸ ಮಾಡಿ ಎಂದರು. ಅರಣ್ಯ ಇಲಾಖೆಯವರು ಬೋನು, ಕ್ಯಾಮೆರಾ, ಡ್ರೋನ್ ಎಲ್ಲ ತಂದು ದಿನಗಟ್ಟಲೆ ಹುಡುಕಿದರು. ಚಿರತೆ ಸಿಗಲಿಲ್ಲ. ನಾನಿರುವುದು ಬೆಂಗಳೂರಿನಲ್ಲಿ, ಬೇರೆ ಕಂಪನಿಯಲ್ಲಿ. ಆದರೂ ಆ ವಾರವೆಲ್ಲ ನಮ್ಮ ಕ್ಯಾಂಟೀನಿನಲ್ಲಿ ಅದೇ ಮಾತು. ನಾನು ಮೈಸೂರು ಕಡೆಯವನು ಎಂದು ಗೊತ್ತಿದ್ದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಕಾಡು ಬಿಟ್ಟು ಅಷ್ಟು ದೂರ ಅದು ಹೇಗೆ ಬಂತು?"

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಪ್ಪ ಎಂದು ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಫೋನ್ ಮಾಡಿದಾಗ ನನ್ನ ತಲೆಯಲ್ಲಿ ಈ ಪ್ರಶ್ನೆ ಇತ್ತು. ಕಂಪ್ಯೂಟರ್ ಬಗ್ಗೆ ಬರಿ ಎಂದರು ಅವರು. ಅದನ್ನು ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ಶಾಲೆಯಿಂದಲೇ ಹತ್ತಾರು ಜನ ಹೊರಬಂದಿದ್ದಾರೆ. ನಾನು ಅವರಲ್ಲಿ ಇತಿಹಾಸ ಕಲಿತವನು, ಅವರು ಕಲಿಸಿದ ವಿಷಯದಲ್ಲೇ ಬರೆಯುತ್ತೇನೆ ಎಂದು ಒಪ್ಪಿಸಿದೆ. ಚಾಮುಂಡಿ ಬೆಟ್ಟವನ್ನು ಪಡುವಣಕ್ಕೆ ಇಟ್ಟುಕೊಂಡು ಬೆಳೆದ ನಮ್ಮ ಊರಿನವರಿಗೆ, ಸುತ್ತಲ ಹುಂಡಿಗಳವರಿಗೆ ಈ ವಿಷಯ ಹೊಸದಲ್ಲ. ಆದರೆ ಅದಕ್ಕೂ ಒಂದು ಇತಿಹಾಸವಿದೆ ಎಂದು ನಾವು ಅಷ್ಟಾಗಿ ಯೋಚಿಸಿಲ್ಲ.

"ಚಿರತೆ ಊರಿಗೆ ನುಗ್ಗಿತು", "ಆನೆಗಳು ನಾಡಿಗೆ ಲಗ್ಗೆ ಇಟ್ಟವು" ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಕಾಡು ಅತ್ತ, ನಾಡು ಇತ್ತ, ನಡುವೆ ಗೆರೆ, ಆ ಗೆರೆಯನ್ನು ಪ್ರಾಣಿ ದಾಟಿತು ಎಂಬ ಅರ್ಥ ಆ ಮಾತುಗಳಲ್ಲಿದೆ. ನಮ್ಮ ಸೀಮೆಯ ಹಳೆಯ ಕಲ್ಲುಗಳನ್ನು ನೋಡಿದರೆ ಅಂಥ ಗೆರೆ ಎಲ್ಲೂ ಕಾಣುವುದಿಲ್ಲ.

ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನೇ ತೆಗೆದುಕೊಳ್ಳಿ. ಕ್ರಿ.ಶ. 949–50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತ ವಿಷಯ ಅದರಲ್ಲಿ ಇರುವುದರಿಂದ ಇತಿಹಾಸಕಾರರಿಗೆ ಅದು ಬಲು ಮುಖ್ಯ. ಆದರೆ ಆ ಕಲ್ಲು ನಿಂತದ್ದು ಒಂದು ನಾಯಿಯ ನೆನಪಿಗೆ. ಗಂಗರ ಬೂತುಗನ ಕಡೆಯ ಮಣಲೇರನೆಂಬ ವೀರನ ಪರಾಕ್ರಮಕ್ಕೆ ಮೆಚ್ಚಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ ಏನು ಬೇಕೋ ಕೇಳು ಎಂದಾಗ, ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಅರಸನ ಬಳಿಯಿದ್ದ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಬೆಳತೂರಿನ ಬೆಟ್ಟದ ಪಕ್ಕದಲ್ಲಿ ಆ ಕಾಳಿಗೂ ಒಂದು ದೊಡ್ಡ ಕಾಡುಹಂದಿಗೂ ಕಾಳಗವಾಗಿ ಎರಡೂ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿ, ಹಂದಿ ಎರಡನ್ನೂ ಕೆತ್ತಿದ್ದಾರೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಬ್ಬನ್ ಪಾರ್ಕಿನ ಕಡೆ ಹೋದವರು ಒಮ್ಮೆ ಒಳಗೆ ಹೋಗಿ ನೋಡಬೇಕು.

ನನಗೆ ಆ ಕಲ್ಲಿನಲ್ಲಿ ಹಿಡಿಸಿದ್ದು ಜಾಗದ ವಿವರ. ಕಾಳಗ ನಡೆದದ್ದು ದಟ್ಟ ಅಡವಿಯ ನಡುವೆ ಅಲ್ಲ, ಹೆಸರಿರುವ ಒಂದು ಊರಿನ ಗುಡ್ಡದ ಪಕ್ಕದಲ್ಲಿ. ನಮ್ಮ ಬಯಲು ಸೀಮೆಯಲ್ಲಿ ಊರು, ಹೊಲ, ಮೊರಡಿ, ಕುರುಚಲು, ಕೆರೆ, ಮತ್ತೆ ಊರು ಹೀಗೆ ಒಂದರೊಳಗೊಂದು ಹೆಣೆದುಕೊಂಡಿವೆ. ಹುಲಿಯೊಡನೆ ಹೋರಾಡಿ ಸತ್ತವರಿಗೆ ನಿಲ್ಲಿಸಿದ ವೀರಗಲ್ಲುಗಳು ಕನ್ನಡ ನಾಡಿನ ಎಷ್ಟೋ ಊರುಗಳಲ್ಲಿ ಸಿಗುತ್ತವೆ. ಹೊಯ್ಸಳರ ಲಾಂಛನವೇ ಸಳ ಹುಲಿಯನ್ನು ಇರಿಯುವುದು. ನಮ್ಮ ಕಂಸಾಳೆಯವರು ಹಾಡುವ ಮಲೆಯ ಮಹದೇಶ್ವರ ಹುಲಿಯನ್ನೇ ಏರಿ ಬರುತ್ತಾನೆ. ಒಂದು ಕಡೆ ಇರಿಯುವುದು, ಇನ್ನೊಂದು ಕಡೆ ಪಳಗಿಸಿ ವಾಹನ ಮಾಡಿಕೊಳ್ಳುವುದು. ಎರಡರಲ್ಲೂ ಹುಲಿ ಮನೆ ಬಾಗಿಲಲ್ಲೇ ಇದೆ.

ಹಳೆಯ ಮನೆಗಳೂ ಇದಕ್ಕೆ ಸಾಕ್ಷಿ. ನಮ್ಮ ಅಜ್ಜಿಯ ಮನೆಯಲ್ಲಿ ದನದ ಕೊಟ್ಟಿಗೆ ಹೊರಗಿರಲಿಲ್ಲ. ಮುಂಬಾಗಿಲು ದಾಟಿದ ಕೂಡಲೇ ಎಡಕ್ಕೆ ದನ, ಬಲಕ್ಕೆ ಜಗಲಿ. ನಗರದಿಂದ ಬಂದ ನೆಂಟರು ಮೂಗು ಮುಚ್ಚಿಕೊಳ್ಳುತ್ತಿದ್ದರು. "ಹೊರಗ್ ಕಟ್ಟುದ್ರ ಬೆಳಿಗ್ಗೆ ಹಗ್ಗ ಮಾತ್ರ ಇರ್ತದ ಕಣವ್ವ" ಎನ್ನುತ್ತಿದ್ದಳು ಅಜ್ಜಿ. ಕುರಿ ಕಾಯುವವರ ನಾಯಿಗಳ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಇರುತ್ತಿತ್ತು. ಚಿರತೆ ನಾಯಿಯನ್ನು ಹಿಡಿಯುವುದು ಕುತ್ತಿಗೆಗೇ. ಹೊಲ ಕಾಯಲು ಅಟ್ಟಣೆ, ಕೈಯಲ್ಲಿ ಕವಣೆ, ಹಂದಿ ಬಂದರೆ ತಮಟೆ. ಚಿರತೆಗೆ ನಮ್ಮ ಕಡೆ ಕಿರುಬ ಎಂದೂ ಕರೆಯುತ್ತಿದ್ದರು. ಪುಸ್ತಕದ ಪ್ರಕಾರ ಕಿರುಬ ಬೇರೆಯೇ ಪ್ರಾಣಿ. ಆದರೆ ರಾತ್ರಿ ಕುರಿ ಹೊತ್ತೊಯ್ಯುವುದೆಲ್ಲ ಅಜ್ಜಿಗೆ ಕಿರುಬವೇ. ಹೊತ್ತು ಮುಳುಗಿದ ಮೇಲೆ ಆ ಹೆಸರನ್ನೂ ಹೇಳಗೊಡುತ್ತಿರಲಿಲ್ಲ.

ಇದನ್ನೆಲ್ಲ ಹೇಳಿ ಹಿಂದಿನ ಕಾಲ ಬಹಳ ಚೆನ್ನಾಗಿತ್ತು, ಮನುಷ್ಯ–ಮೃಗ ಒಂದಾಗಿ ಬಾಳುತ್ತಿದ್ದರು ಎಂದು ಸಾಧಿಸುವ ಉದ್ದೇಶ ನನಗಿಲ್ಲ. ಗೋವಿನ ಹಾಡಿನಲ್ಲಿ ಹುಲಿ ಪಶ್ಚಾತ್ತಾಪಪಟ್ಟಿತು. ಹೊರಗೆ ಹಾಗೆ ಆಗುತ್ತಿರಲಿಲ್ಲ. ನಮ್ಮವರು ಸಿಕ್ಕಿದ್ದನ್ನು ಕೊಲ್ಲುತ್ತಿದ್ದರು. ಮೈಸೂರು ಸೀಮೆಯ ಹಳ್ಳಿಗರು ಹುಲಿ ಹೊಕ್ಕ ಪೊದೆಯನ್ನು ಸುತ್ತುವರಿದು, ಗಟ್ಟಿ ಹಗ್ಗದ ಬಲೆ ಕಟ್ಟಿ, ಈಟಿ ಹಿಡಿದು ಕಾಯುತ್ತಿದ್ದುದನ್ನು 19ನೇ ಶತಮಾನದಲ್ಲಿ ಸ್ಯಾಂಡರ್ಸನ್ ವಿವರವಾಗಿ ಬರೆದಿದ್ದಾನೆ. ಅದು ಊರೆಲ್ಲ ಸೇರಿ ಮಾಡುವ ಕೆಲಸ. ಹುಲಿ ಊರಿನ ಕಷ್ಟ, ಅದರ ಪರಿಹಾರವೂ ಊರಿನದೇ.

ಈ ಸ್ಯಾಂಡರ್ಸನ್ ಬಗ್ಗೆ ಇಂಜಿನಿಯರನಾದ ನನಗೆ ಸ್ವಲ್ಪ ಹೆಚ್ಚು ಕುತೂಹಲ. ಜಿ.ಪಿ. ಸ್ಯಾಂಡರ್ಸನ್ ಮೈಸೂರಿಗೆ ಬಂದು ನೋಡಿಕೊಳ್ಳುತ್ತಿದ್ದುದು ನೀರಾವರಿ ನಾಲೆಗಳ ಉಸ್ತುವಾರಿ. ನಾಲೆ ನೋಡುತ್ತಾ ನೋಡುತ್ತಾ ಆನೆಗಳ ಬೆನ್ನು ಹತ್ತಿದ. ಇಂದಿನ ಚಾಮರಾಜನಗರ ಜಿಲ್ಲೆಯಲ್ಲಿ, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ, 1874ರಲ್ಲಿ ಖೆಡ್ಡಾ ಕಟ್ಟಿ ಆನೆ ಹಿಂಡನ್ನೇ ಹಿಡಿದ. ಅದಕ್ಕೂ ನೂರು ವರ್ಷ ಹಿಂದೆ ಹೈದರಾಲಿ ಕಾಕನಕೋಟೆಯಲ್ಲಿ ಇದೇ ಪ್ರಯತ್ನ ಮಾಡಿ ಸೋತು, ಮುಂದೆ ಯಾರೂ ಈ ಸಾಹಸಕ್ಕೆ ಕೈ ಹಾಕಬಾರದು ಎಂದು ಶಾಪದ ಕಲ್ಲು ನಿಲ್ಲಿಸಿದ್ದನೆಂದು ಸ್ಯಾಂಡರ್ಸನ್ 1878ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಬರೆಯುತ್ತಾನೆ. ಶಾಪಕ್ಕೆ ಹೆದರದ ಮೈಸೂರು ಸರ್ಕಾರ ಮುಂದೆ ಅದೇ ಕಾಕನಕೋಟೆಯನ್ನು ಖೆಡ್ಡಾಕ್ಕೆ ಜಗತ್ಪ್ರಸಿದ್ಧ ಮಾಡಿತು. ವೈಸರಾಯರು, ರಾಜಕುಮಾರರು ಕಬಿನಿ ಹೊಳೆಯ ದಂಡೆಗೆ ಬಂದು ಕುಳಿತು ನೋಡಿದರು. ಆನೆಗಳನ್ನು ಅಟ್ಟಿದವರು, ಪಳಗಿಸಿದವರು ಅಲ್ಲಿಯ ಕುರುಬರು. ಫೋಟೋಗಳಲ್ಲಿ ಅವರ ಮುಖ ಇದೆ, ಹೆಸರಿಲ್ಲ.

ಖೆಡ್ಡಾದಿಂದ ಒಂದು ದೊಡ್ಡ ಬದಲಾವಣೆಯಾಯಿತು. ಆನೆ, ಹುಲಿ ಊರಿನ ವಿಷಯವಾಗಿದ್ದದ್ದು ಅರಮನೆಯ, ಸರ್ಕಾರದ ವಿಷಯವಾಯಿತು. 1901ರಲ್ಲಿ ಬೇಟೆಗೆ ನಿಯಮ ಹಾಕುವ ಕಾಯ್ದೆಯೊಂದು ಮೈಸೂರಿನಲ್ಲಿ ಬಂತು. 1941ರಲ್ಲಿ ಬಂಡೀಪುರದ ಕಡೆ ವೇಣುಗೋಪಾಲ ವನ್ಯಜೀವಿ ಉದ್ಯಾನ ಆಯಿತು. ಹಾಗೆಂದು ಊರಿನವರ ಕೈಯಲ್ಲಿದ್ದ ಈಟಿ, ಬಲೆ ಒಂದೇ ದಿನದಲ್ಲಿ ಹೋಗಲಿಲ್ಲ. ಹೋದದ್ದು ಆಮೇಲೆ. ಅದು ನಮ್ಮ ಶಾಲೆ ಹುಟ್ಟಿದ ಕಾಲಕ್ಕೆ ಹತ್ತಿರ.

ಆ ಐದು ವರ್ಷಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1971ರಲ್ಲಿ ಕಾಕನಕೋಟೆಯ ಕೊನೆಯ ಖೆಡ್ಡಾ ನಡೆಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಹುಲಿ ಯೋಜನೆ ಶುರುವಾಗಿ, ದೇಶದ ಮೊದಲ ಒಂಬತ್ತು ಹುಲಿ ಮೀಸಲುಗಳಲ್ಲಿ ಬಂಡೀಪುರವೂ ಸೇರಿತು. ಅದೇ ವರ್ಷ ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು, ಖೆಡ್ಡಾ ನಡೆಯುತ್ತಿದ್ದ ಕಾಡು ಹಿನ್ನೀರಿನಲ್ಲಿ ಮುಳುಗಿತು. ಅದೇ ವರ್ಷ ಮೇಲುಕೋಟೆಯಲ್ಲಿ ತೋಳಗಳ ರಕ್ಷಣೆಗೆಂದು ಒಂದು ವನ್ಯಜೀವಿ ಧಾಮ ಮಾಡಿದರು. 1975ರಲ್ಲಿ ನಮ್ಮ ಊರಿನಲ್ಲಿ ಎರಡು ಕೊಠಡಿಯ ಸರ್ಕಾರಿ ಪ್ರೌಢಶಾಲೆ ಬಾಗಿಲು ತೆರೆಯಿತು.

ಕೊನೆಯದನ್ನು ಯಾವ ಇತಿಹಾಸ ಪುಸ್ತಕವೂ ಈ ಸಾಲಿಗೆ ಸೇರಿಸುವುದಿಲ್ಲ, ನಾನು ಸೇರಿಸಿದ್ದೇನೆ. ಏಕೆಂದರೆ ನಮ್ಮ ಶಾಲೆಯ ಮೊದಲ ತಂಡದ ಅಣ್ಣಂದಿರು, ಅಕ್ಕಂದಿರು ಹೊಸ ನಿಯಮದ ಅಡಿಯಲ್ಲಿ ಬೆಳೆದ ಮೊದಲ ತಲೆಮಾರು. ಅವರ ಅಪ್ಪಂದಿರ ಕಾಲದಲ್ಲಿ ಕುರಿ ತಿಂದ ಚಿರತೆಗೆ ಏನು ಮಾಡಬೇಕು ಎಂಬುದನ್ನು ಊರು ತೀರ್ಮಾನಿಸುತ್ತಿತ್ತು. ಇವರ ಕಾಲದಲ್ಲಿ ಅದಕ್ಕೆ ಅರ್ಜಿ ಬರೆಯಬೇಕಾಯಿತು. ಮನುಷ್ಯನ ಜೀವಕ್ಕೆ ಅಪಾಯವಾದ ಪ್ರಾಣಿಯನ್ನು ಕೊಲ್ಲಲು ಸಹ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಆದೇಶ ಬೇಕು. ಕಾಯ್ದೆ ತಪ್ಪೆಂದು ನಾನು ಹೇಳುವುದಿಲ್ಲ. ಅದು ಬಾರದೇ ಹೋಗಿದ್ದರೆ ಇಂದು ಬಂಡೀಪುರ, ನಾಗರಹೊಳೆಗಳಲ್ಲಿ ಹುಲಿ ಇರುತ್ತಿರಲಿಲ್ಲ. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ, 2023ರ ಆನೆ ಗಣತಿಯಂತೆ 6,395 ಆನೆಗಳಿವೆ. ಇದು ಸಣ್ಣ ಸಾಧನೆಯಲ್ಲ. ಆದರೆ ಪ್ರಾಣಿಯ ಜವಾಬ್ದಾರಿ ಊರಿನಿಂದ ಸರ್ಕಾರಕ್ಕೆ ಹೋದಾಗ, ಊರಿನಲ್ಲಿದ್ದ ಎಚ್ಚರವೂ ಮೆಲ್ಲಗೆ ಹೋಯಿತು. ಕೊಟ್ಟಿಗೆ ಮನೆಯಿಂದ ಹೊರಗೆ ಬಂತು. ಅಟ್ಟಣೆ ಬಿತ್ತು. ನಾಯಿಯ ಮುಳ್ಳುಪಟ್ಟಿ ಗುಜರಿಗೆ ಹೋಯಿತು.

ಖೆಡ್ಡಾದ ಆನೆಗಳ ಕಥೆಯೂ ಇಲ್ಲಿಗೇ ಮುಗಿಯಲಿಲ್ಲ. ದಸರಾದಲ್ಲಿ ನಾವೆಲ್ಲ ನೋಡಿದ ಅರ್ಜುನ 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕವನು. 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಎಂಟು ಬಾರಿ ಹೊತ್ತ. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಒಂದು ಕಾಡಾನೆಯೊಡನೆ ಹೋರಾಡಿ ಸತ್ತ. ಕಾಡಿನಲ್ಲಿ ಹುಟ್ಟಿದವನನ್ನು ನಾವು ಹಿಡಿದು ತಂದೆವು, ಕಾಡಿನಿಂದ ಬಂದವರನ್ನು ಹಿಡಿಯಲು ಮುಂದೆ ಬಿಟ್ಟೆವು. ಆ ದಿನ ನಮ್ಮ ಶಾಲಾ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಯಾರೂ ಜೋಕು ಹಾಕಲಿಲ್ಲ.

ಮೈಸೂರು ನಗರಕ್ಕೇ ಆನೆ ಬಂದದ್ದೂ ಉಂಟು. 2011ರ ಜೂನ್ 8ರ ಬೆಳಿಗ್ಗೆ ಎರಡು ಕಾಡಾನೆಗಳು ಪೇಟೆಯೊಳಗೆ ಬಂದು ಅಲೆದಾಡಿದವು, ಒಬ್ಬರು ಪ್ರಾಣ ಕಳೆದುಕೊಂಡರು. ದಸರಾ ಆನೆ ನಡೆಯುವ ಊರಿನಲ್ಲಿ ಕಾಡಾನೆ ನಡೆದದ್ದನ್ನು ದೇಶದ ಟೀವಿಗಳೆಲ್ಲ ತೋರಿಸಿದವು. ಆದರೆ ಆನೆ ಬಂದರೆ ಎಲ್ಲರಿಗೂ ಕಾಣುತ್ತದೆ, ಹೋದ ಮೇಲೆ ಹೋಯಿತು ಎಂದು ತಿಳಿಯುತ್ತದೆ. ನಮ್ಮ ಕಡೆಯ ನಿತ್ಯದ ಚಿಂತೆ ಚಿರತೆ. ಅದು ಇದ್ದರೂ ಕಾಣುವುದಿಲ್ಲ.

ಹುಲಿಯಂತೆ ಚಿರತೆಗೆ ದೊಡ್ಡ ಕಾಡೇ ಬೇಕೆಂದಿಲ್ಲ. ಒಂದು ಕಲ್ಲುಗುಡ್ಡ, ನಾಲ್ಕು ಪೊದೆ, ಕುಡಿಯಲು ನೀರು, ತಿನ್ನಲು ನಾಯಿಯೋ ಮೇಕೆಯೋ ಹಂದಿಮರಿಯೋ ಸಿಕ್ಕರೆ ಅದಕ್ಕೆ ಸಂಸಾರ ಸಾಗುತ್ತದೆ. ಚಾಮುಂಡಿ ಬೆಟ್ಟದಲ್ಲಿ ಚಿರತೆ ಇದೆ. ಮಹಾರಾಷ್ಟ್ರದ ಅಕೋಲೆ ಎಂಬಲ್ಲಿ ಕಾಡೇ ಇಲ್ಲದ ಕಬ್ಬಿನ ಬಯಲಿನಲ್ಲಿ ವಿದ್ಯಾ ಅತ್ರೇಯ ಎಂಬ ವಿಜ್ಞಾನಿ ಚಿರತೆಗಳ ಅಧ್ಯಯನ ಮಾಡಿ, ಅವು ಅಲ್ಲೇ ಹುಟ್ಟಿ ಅಲ್ಲೇ ಬದುಕುವುದನ್ನೂ ಅವುಗಳ ಮುಖ್ಯ ಆಹಾರ ಊರನಾಯಿಯಂಥ ಸಾಕುಪ್ರಾಣಿಗಳೇ ಎಂಬುದನ್ನೂ ತೋರಿಸಿದ್ದಾರೆ. 2022ರ ಅಂದಾಜಿನಂತೆ ಕರ್ನಾಟಕದಲ್ಲಿ 1,879 ಚಿರತೆಗಳು. ಮಧ್ಯಪ್ರದೇಶ, ಮಹಾರಾಷ್ಟ್ರ ಬಿಟ್ಟರೆ ನಮ್ಮದೇ ಮುಂದು. ಆದರೆ ಆ ಎಣಿಕೆ ನಡೆದದ್ದು ಹೆಚ್ಚಾಗಿ ಅರಣ್ಯ ಪ್ರದೇಶಗಳಲ್ಲಿ. ಕಬ್ಬಿನ ಗದ್ದೆಗಳಲ್ಲಿ ಅಲ್ಲ.

ಕಬ್ಬಿನ ಗದ್ದೆ ಎಂದೆನಲ್ಲ, ಅಲ್ಲೇ ಸ್ವಲ್ಪ ನಿಲ್ಲಬೇಕು. ಏಕೆಂದರೆ ನಮ್ಮ ಊರಿನ ಈ ಐವತ್ತು ವರ್ಷದ ಇತಿಹಾಸದಲ್ಲಿ ಅತಿ ದೊಡ್ಡ ಘಟನೆ ಅದು.

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಅದರ ನಾಲೆಯ ನೀರು ಮಂಡ್ಯದ ಕಡೆ ಹರಿದು, ಕಬ್ಬು ಬಂದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಎದ್ದಿತು. ನಮ್ಮ ಕಡೆ ಮಾತ್ರ ಮಳೆ ನಂಬಿದ ಬೇಸಾಯವೇ. ರಾಗಿ, ಹುರುಳಿ, ಅವರೆ, ಜೋಳ. ಕನ್ನಂಬಾಡಿಯ ನೀರು ವರುಣಾ ನಾಲೆಯಲ್ಲಿ ನಮ್ಮ ಹೊಲಗಳಿಗೆ ಬಂದದ್ದು ನಮ್ಮ ತಲೆಮಾರಿನ ಕಣ್ಣ ಮುಂದೆ. ನೀರು ಬಂದ ಹೊಲದಲ್ಲಿ ರಾಗಿ ಹೋಗಿ ಕಬ್ಬು ಬಂತು, ಕಬ್ಬು ನಂಜನಗೂಡಿನ ಅಳಗಂಚಿ ಕಾರ್ಖಾನೆಗೆ ಲಾರಿ ಹತ್ತಿತು. ಸಾಲ ತೀರಿತು, ಹೆಂಚಿನ ಮನೆಗೆ ಆರ್‌ಸಿಸಿ ಬಂತು, ನನ್ನಂಥವರು ಇಂಜಿನಿಯರಿಂಗ್ ಕಾಲೇಜಿಗೆ ಹೋದೆವು. ಕಬ್ಬಿನ ಹಣದಿಂದ ಬಿ.ಇ. ಮಾಡಿದವನು ಕಬ್ಬನ್ನು ಬೈಯುವುದು ಸರಿಯಲ್ಲ. ನಾನು ಬೈಯುತ್ತಿಲ್ಲ, ಲೆಕ್ಕ ಹೇಳುತ್ತಿದ್ದೇನೆ.

ರಾಗಿ ಸೊಂಟದೆತ್ತರದ ಬೆಳೆ. ಡಿಸೆಂಬರ್ ಹೊತ್ತಿಗೆ ಕೊಯ್ಲಾಗಿ, ಸಂಕ್ರಾಂತಿಗೆ ಹೊಲವೆಲ್ಲ ಬಟಾಬಯಲು. ನಾವು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಜನವರಿ–ಫೆಬ್ರವರಿಯಲ್ಲಿ ಸ್ಪೆಷಲ್ ಕ್ಲಾಸ್ ಮುಗಿಯುವಷ್ಟರಲ್ಲಿ ಸಂಜೆ ಆರೂವರೆ. ಶಾಲೆಯ ಗೇಟಿನಲ್ಲಿ ನಿಂತರೆ ಹುಂಡಿಯ ಮನೆಗಳ ದೀಪ ನೇರ ಕಾಣುತ್ತಿತ್ತು. ನಡುವೆ ಒಂದೂವರೆ ಮೈಲಿ ಬಯಲು. ಹುಂಡಿಯ ಹೆಣ್ಣುಮಕ್ಕಳು ಒಟ್ಟಾಗಿ ಹೋಗಬೇಕು, ಅವರ ಹಿಂದೆ ಹುಡುಗರು ಹೋಗಬೇಕು ಎಂದು ಮುಖ್ಯೋಪಾಧ್ಯಾಯರ ಆಜ್ಞೆ. ಎಲ್ಲರ ಮುಂದೆ ನಮ್ಮ ಶಾಲೆಯ ಜವಾನರು ಬಲಗೈಯಲ್ಲಿ ದೊಣ್ಣೆ, ಎಡಗೈಯಲ್ಲಿ ಟ್ರಾನ್ಸಿಸ್ಟರ್ ಹಿಡಿದು ಪ್ರದೇಶ ಸಮಾಚಾರ ಜೋರಾಗಿ ಹಾಕಿಕೊಂಡು ನಡೆಯುತ್ತಿದ್ದರು. ಸುದ್ದಿ ಯಾರಿಗೂ ಬೇಕಿರಲಿಲ್ಲ, ಸದ್ದು ಬೇಕಿತ್ತು. ಆಗಲೂ ಗುಡ್ಡದಲ್ಲಿ ಚಿರತೆ ಇತ್ತು. ಆದರೆ ಗುಡ್ಡ ಅಷ್ಟು ದೂರ, ನಡುವೆ ಬಚ್ಚಿಟ್ಟುಕೊಳ್ಳಲು ಏನೂ ಇರಲಿಲ್ಲ. ಮೊಲ ಓಡಿದರೂ ಕಾಣುವ ಬಯಲು.

ಕಬ್ಬು ಆಳಿಗಿಂತ ಎತ್ತರ, ಹೆಚ್ಚುಕಡಿಮೆ ವರ್ಷವಿಡೀ ನಿಂತ ಬೆಳೆ. ಒಳಗೆ ನೆರಳು, ತಂಪು, ಪಕ್ಕದಲ್ಲೇ ನಾಲೆಯ ನೀರು, ಇಲಿ ಹೆಗ್ಗಣ ಹಂದಿ ಧಾರಾಳ. ಅದಕ್ಕಿಂತ ಒಳ್ಳೆಯ ಬಾಣಂತಿ ಮನೆ ಚಿರತೆಗೆ ಎಲ್ಲಿ ಸಿಕ್ಕೀತು? ಕಬ್ಬು ಕಡಿಯುವಾಗ ಮರಿಗಳು ಸಿಕ್ಕ ಸುದ್ದಿ ಮಂಡ್ಯ, ಮೈಸೂರು ಜಿಲ್ಲೆಗಳಲ್ಲಿ ಪ್ರತಿ ವರ್ಷ ಬರುತ್ತದೆ. ಅಂಥ ಮರಿಗಳನ್ನು ಅದೇ ಜಾಗದಲ್ಲಿ ಬುಟ್ಟಿಯಲ್ಲಿಟ್ಟು ದೂರ ಸರಿದರೆ ರಾತ್ರಿ ತಾಯಿ ಬಂದು ಒಂದೊಂದನ್ನೇ ಕಚ್ಚಿಕೊಂಡು ಹೋಗುತ್ತದೆ. ಇಲಾಖೆಯವರು ಕ್ಯಾಮೆರಾ ಇಟ್ಟು ನೋಡಿದ್ದಾರೆ. ಆ ಮರಿಗಳು ಬೆಳೆದರೆ ಅವುಗಳ ಪಾಲಿಗೆ ಹುಟ್ಟೂರು ನಾಗರಹೊಳೆಯಲ್ಲ, ನಮ್ಮ ಗದ್ದೆ. "ಕಾಡಿನಿಂದ ಹೇಗೆ ಬಂತು" ಎಂದು ಕೇಳಿದ ಗೆಳೆಯರಿಗೆ ನಾನು ಕೊಟ್ಟ ಉತ್ತರ ಇದೇ: ಎಲ್ಲಿಂದಲೂ ಬರಲಿಲ್ಲ, ನಿಮಗಿಂತ ಮೊದಲೇ ಇಲ್ಲಿತ್ತು. ನಗರವೇ ಅದರ ಕಡೆ ಬಂದಿದೆ. 1971ರಲ್ಲಿ ಮೂರೂವರೆ ಲಕ್ಷದಷ್ಟಿದ್ದ ಮೈಸೂರಿನ ಜನಸಂಖ್ಯೆ 2011ಕ್ಕೆ ಒಂಬತ್ತು ಲಕ್ಷ ದಾಟಿತ್ತು. ರಿಂಗ್ ರಸ್ತೆಯ ಆಚೆಗೂ ಬಡಾವಣೆ. ಸೈಟು ಮಾಡಿ ಮನೆ ಕಟ್ಟದೆ ಬಿಟ್ಟ ಕಡೆ ಲಂಟಾನ, ರಸ್ತೆ ಬದಿ ಕೋಳಿ ಅಂಗಡಿಯ ತ್ಯಾಜ್ಯ, ತ್ಯಾಜ್ಯಕ್ಕೆ ನಾಯಿ, ನಾಯಿಗೆ ಚಿರತೆ.

ಇನ್ನು ನಾನು ಬರೆಯಲು ಹಿಂಜರಿಯುವ ಭಾಗ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿವರೆಗೆ, ಮೂರು ತಿಂಗಳೊಳಗೆ, ನಮ್ಮ ಪಕ್ಕದ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಸತ್ತರು. ಇಬ್ಬರು ಕಾಲೇಜಿನಲ್ಲಿ ಓದುತ್ತಿದ್ದವರು, ಒಬ್ಬರು ವೃದ್ಧೆ, ಒಬ್ಬ ಇನ್ನೂ ಶಾಲೆಗೆ ಹೋಗುವ ಬಾಲಕ. ಕೊನೆಯ ಎರಡು ಸಾವು ಒಂದರ ಹಿಂದೆ ಒಂದು ಸಂಜೆ. ಆ ಚಳಿಗಾಲದಲ್ಲಿ ನಮ್ಮ ಊರಿನಲ್ಲಿ ಆರು ಗಂಟೆಗೆ ಬಾಗಿಲು ಹಾಕುತ್ತಿದ್ದರು. ಬಯಲಿಗೆ ಹೋಗುವವರು ಗುಂಪಾಗಿ ಹೋಗುತ್ತಿದ್ದರು. ನನ್ನ ತಾಯಿ ಪ್ರತಿ ರಾತ್ರಿ ಫೋನಿನಲ್ಲಿ, ಹಸು ಕರೆದದ್ದು, ಹಾಲು ಹಾಕಿದ್ದು ಹೇಳುವ ಬದಲು ಯಾವ ಊರಿನಲ್ಲಿ ಕಂಡಿತು ಎಂಬುದನ್ನೇ ಹೇಳುತ್ತಿದ್ದಳು. ಸರ್ಕಾರ ಪರಿಹಾರವನ್ನು 7.5 ಲಕ್ಷದಿಂದ 15 ಲಕ್ಷಕ್ಕೆ ಏರಿಸಿತು, ಮೈಸೂರು ಜಿಲ್ಲೆಗೆಂದೇ ಚಿರತೆ ಕಾರ್ಯಪಡೆ ರಚಿಸಿತು, ಬೋನುಗಳು ಬಂದವು, ಚಿರತೆಗಳು ಸಿಕ್ಕಿದವು. ಮಗುವನ್ನು ಕಳೆದುಕೊಂಡ ಮನೆಯವರ ಎದುರು ಕೂತು, ಚಿರತೆ ಮೊದಲಿನಿಂದಲೂ ಇಲ್ಲೇ ಇತ್ತು ಎಂಬ ನನ್ನ ಇತಿಹಾಸ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ನನಗೂ ಬರುವುದಿಲ್ಲ.

ಆದರೂ ಬೋನಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಊರಿನ ಬೇಡಿಕೆ ಯಾವಾಗಲೂ ಅದೇ: "ಹಿಡ್ಕೊಂಡ್ ಹೋಗಿ ಕಾಡಿಗ್ ಬುಡಿ." ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ 2001ರಿಂದ ಹೀಗೆಯೇ ಚಿರತೆಗಳನ್ನು ಹಿಡಿದು ಬೇರೆ ಕಡೆ ಬಿಟ್ಟರು. ಮನುಷ್ಯರ ಮೇಲಿನ ದಾಳಿ ಕಡಿಮೆಯಾಗಲಿಲ್ಲ, ಹೆಚ್ಚಾಯಿತು ಎಂದು ಮುಂದೆ ನಡೆದ ಅಧ್ಯಯನ ಹೇಳುತ್ತದೆ. ಗುರುತು ಪರಿಚಯವಿಲ್ಲದ ಜಾಗದಲ್ಲಿ ಬಿಟ್ಟ ಪ್ರಾಣಿ ಗಾಬರಿಯಲ್ಲಿ ಅಲೆಯುತ್ತದೆ, ತನ್ನ ಜಾಗಕ್ಕೆ ಮರಳಲು ನೋಡುತ್ತದೆ; ಇತ್ತ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಮನುಷ್ಯನ ಮೇಲೆ ಬಿದ್ದ ಚಿರತೆಯನ್ನು ಹಿಡಿಯಬೇಕು, ಮತ್ತೆ ಹೊರಗೆ ಬಿಡಬಾರದು, ಅದರಲ್ಲಿ ಎರಡು ಮಾತಿಲ್ಲ. ಅಂಥವಕ್ಕೆಂದೇ ಮೈಸೂರು ಮೃಗಾಲಯದವರ ಕೂರ್ಗಳ್ಳಿ ಪುನರ್ವಸತಿ ಕೇಂದ್ರವಿದೆ. ಆದರೆ ನಾಯಿ ಹಿಡಿದು ತಿನ್ನುತ್ತಾ ತನ್ನ ಪಾಡಿಗೆ ಓಡಾಡುವ ಚಿರತೆಯನ್ನೆಲ್ಲ ಹಿಡಿದು ಸಾಗಿಸುತ್ತಾ ಹೋದರೆ, ಪಕ್ಕದ ತಾಲ್ಲೂಕಿನವರು ಅವರದನ್ನು ನಮ್ಮ ಕಡೆ ಸಾಗಿಸುತ್ತಾರೆ ಅಷ್ಟೇ. "ಅಲ್ಲಿ ಹಿಡ್ದಿದ್ನ ಇಲ್ಲಿ ಬುಟ್ಟವ್ರೆ" ಎಂದು ಟೀ ಅಂಗಡಿಯಲ್ಲಿ ಇಲಾಖೆಯವರನ್ನು ಬೈಯುವ ನಾವೇ ಬೋನು ಕೇಳಲು ಮೊದಲು ಹೋಗುತ್ತೇವೆ.

ಹುಲಿಯ ಕಡೆಗೂ ನೆಮ್ಮದಿಯಿಲ್ಲ. 2025ರ ಅಕ್ಟೋಬರ್–ನವೆಂಬರ್‌ನಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಸತ್ತು, ಬಂಡೀಪುರ–ನಾಗರಹೊಳೆಯ ಸಫಾರಿಯನ್ನೇ ನಿಲ್ಲಿಸಬೇಕಾಯಿತು. ಅದು ಬೇರೆಯೇ ಲೇಖನದ ವಿಷಯ.

ನಮ್ಮ ಶಾಲೆಗೆ ಬರುತ್ತೇನೆ. ಈಗಿನ ಮುಖ್ಯೋಪಾಧ್ಯಾಯಿನಿಯವರು ಸ್ಪೆಷಲ್ ಕ್ಲಾಸನ್ನು ಸಂಜೆಯಿಂದ ಬೆಳಿಗ್ಗೆಗೆ ಬದಲಾಯಿಸಿದ್ದಾರೆ. ಒಳ್ಳೆಯದಾಯಿತು. ಆದರೆ ಜನವರಿಯಲ್ಲಿ ಬೆಳಿಗ್ಗೆ ಆರೂವರೆಗೂ ಮಬ್ಬುಗತ್ತಲೇ, ಮೇಲೆ ಮಂಜು. ಹುಂಡಿಯಿಂದ ಈಗಲೂ ಮೂವತ್ತಕ್ಕೂ ಹೆಚ್ಚು ಮಕ್ಕಳು ನಡೆದು ಬರುತ್ತಾರೆ. ನಾವು ನಡೆದ ಬಯಲು ಈಗ ಇಲ್ಲ. ದಾರಿಯ ಎರಡೂ ಕಡೆ ಕಬ್ಬು, ಒಂದು ಕಡೆ ನಾಲೆ ಏರಿ, ಏರಿಯ ಉದ್ದಕ್ಕೂ ಲಂಟಾನ. ಶಾಲೆಯ ಗೇಟಿನಲ್ಲಿ ನಿಂತರೆ ಹುಂಡಿ ಕಾಣುವುದಿಲ್ಲ. ಜವಾನರ ಹುದ್ದೆ ಖಾಲಿಯಾಗಿ ಎಷ್ಟೋ ವರ್ಷವಾಯಿತು, ಟ್ರಾನ್ಸಿಸ್ಟರ್ ಹಿಡಿದು ಮುಂದೆ ನಡೆಯುವವರಿಲ್ಲ.

ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಸುವರ್ಣ ಮಹೋತ್ಸವಕ್ಕೆ ಹಣ ಕೂಡಿಸಿದ್ದೇವೆ. ಆ ಹಣದಲ್ಲಿ ಶಾಲೆಯ ಮುಂದೆ ಕಲ್ಲಿನ ಕಮಾನು ಕಟ್ಟಬೇಕೆಂದು ಬಹುಮತದ ಅಭಿಪ್ರಾಯ. ಸಮಿತಿಯ ಸಭೆಯಲ್ಲಿ ನಾನು ಹೇಳಿದ್ದನ್ನು ಇಲ್ಲೂ ಹೇಳುತ್ತೇನೆ. ಕಮಾನು ಆಗಲಿ, ಅದರ ಮೇಲೆ ದಾನಿಗಳ ಹೆಸರೂ ಇರಲಿ. ಆದರೆ ಅದಕ್ಕೆ ಮೊದಲು ಹುಂಡಿ ದಾರಿಗೆ ಸೋಲಾರ್ ದೀಪ ಬೇಕು, ದಾರಿಯ ಎರಡೂ ಬದಿಯಲ್ಲಿ ಹತ್ತು ಹೆಜ್ಜೆಯಷ್ಟು ಲಂಟಾನ ಕಡಿಸಿ ಪ್ರತಿ ವರ್ಷ ಕಡಿಸುತ್ತಿರಬೇಕು. ದಾರಿ ಪಕ್ಕದ ಗದ್ದೆಯವರು ಅಂಚಿನ ನಾಲ್ಕು ಸಾಲು ಕಬ್ಬಿನ ಬದಲು ರಾಗಿ ಹಾಕಲು ಒಪ್ಪಿದರೆ ಅವರಿಗಾಗುವ ನಷ್ಟವನ್ನು ನಾವು ತುಂಬಿಕೊಡಬೇಕು. ಇಬ್ಬರು ರೈತರು ಈಗಾಗಲೇ ಒಪ್ಪಿದ್ದಾರೆ, ಒಬ್ಬರು ನನ್ನ ದೊಡ್ಡಪ್ಪ. ದೀಪ ಇದ್ದರೆ ಚಿರತೆ ಬರುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ, ಇನ್ಫೋಸಿಸ್‌ನಲ್ಲಿ ದೀಪಕ್ಕೆ ಏನು ಕೊರತೆ? ಆದರೆ ಮಕ್ಕಳಿಗೆ ಹತ್ತು ಹೆಜ್ಜೆ ಮುಂದೆ ಏನಿದೆ ಎಂದು ಕಾಣುತ್ತದೆ, ಅದಕ್ಕೂ ಮಕ್ಕಳು ಬರುವುದು ಕಾಣುತ್ತದೆ, ಅದು ಸರಿದುಕೊಳ್ಳುತ್ತದೆ.

ಕಳೆದ ತಿಂಗಳು ಊರಿಗೆ ಹೋದಾಗ ಆ ದಾರಿಯನ್ನು ನಡೆದು ಅಳೆದೆ. ನಲವತ್ತು ಮೀಟರಿಗೊಂದರಂತೆ ಪೂರ್ತಿ ದಾರಿಗೆ ಅರವತ್ತು ಕಂಬ ಬೇಕು, ಅಷ್ಟು ನಮ್ಮಿಂದಾಗದು. ನಾಲೆ ದಾಟುವ ಸೇತುವೆಯಿಂದ ಹುಣಸೆಮರದ ತಿರುವಿನವರೆಗಿನ ಭಾಗವೇ ಹೆಚ್ಚು ಅಪಾಯದ್ದು, ಅದಕ್ಕೆ ಹನ್ನೊಂದು ಕಂಬ ಸಾಕು. ಲೆಕ್ಕದ ಹಾಳೆಯನ್ನು ಸಮಿತಿಯ ಕಾರ್ಯದರ್ಶಿಯವರಿಗೆ ಕೊಟ್ಟಿದ್ದೇನೆ. ಮುಂದಿನ ಸಭೆ ಸಂಕ್ರಾಂತಿ ಕಳೆದ ಭಾನುವಾರ, ಶಾಲೆಯ ಹಳೆಯ ಕಟ್ಟಡದ ಎರಡನೇ ಕೊಠಡಿಯಲ್ಲಿ, ಬೆಳಿಗ್ಗೆ ಹತ್ತಕ್ಕೆ.